ಕಾರವಾರದ ಉಪ್ಪುಗಾಳಿಯಲ್ಲಿ ಗಿಟಾರ್ ಪಿಕಪ್‌ಗೆ ಮನೆಯಲ್ಲೇ ತಂತಿ ಸುತ್ತುವುದು

ಕಾಳಿತೀರ (ಕಾರವಾರ):

ಎಲ್ಲರಿಗೂ ನಮಸ್ಕಾರ. ನನ್ನ ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರಿನ ಬ್ರಿಡ್ಜ್ ಪಿಕಪ್ (ಗಿಟಾರ್ ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಅಯಸ್ಕಾಂತಗಳ ಸುತ್ತ ತಾಮ್ರದ ತಂತಿ ಸುತ್ತಿದ ಭಾಗ) ಈ ಮಳೆಗಾಲದಲ್ಲಿ ಪೂರ್ತಿ ನಿಂತುಹೋಗಿದೆ. ಮೀಟರ್ ಹಿಡಿದರೆ ಉಳಿದೆರಡು ಪಿಕಪ್‌ಗಳು ಸುಮಾರು 6 ಕಿಲೊಓಮ್ ತೋರಿಸುತ್ತವೆ, ಇದು ಏನನ್ನೂ ತೋರಿಸುವುದಿಲ್ಲ. ಹೊದಿಕೆ ತೆಗೆದಾಗ ಆರೂ ಅಯಸ್ಕಾಂತಗಳಿಗೆ ತುಕ್ಕು ಹಿಡಿದಿರುವುದೂ, ಒಳಗಿನಿಂದ ಹೊರಬರುವ ತಂತಿಯ ತುದಿಯಲ್ಲಿ ಹಸಿರು ಕಲೆಯಿರುವುದೂ ಕಂಡಿತು. ಹೊಸದನ್ನು ತರಿಸುವ ಬದಲು ಇದನ್ನೇ ನನ್ನ ಕೈಯಾರೆ ಸುತ್ತಬೇಕೆಂಬ ಆಸೆ. ಅಮೆರಿಕದವರ ವಿವರಣೆಗಳಲ್ಲಿ 42 ಗೇಜ್ ತಂತಿ ಎಂದಿದೆ. ಇಲ್ಲಿನ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ 42 ನಂಬರಿನ ತಂತಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಅದನ್ನೇ ತರಬಹುದೇ? ಎಷ್ಟು ಸುತ್ತು ಬೇಕು? ಸಮುದ್ರದ ಗಾಳಿಗೆ ಮತ್ತೆ ಹಾಳಾಗದಂತೆ ಏನು ಮಾಡಬೇಕು?

ತಂತಿಸುರುಳಿ (ಶಿರಸಿ):

ದಯವಿಟ್ಟು ಆ ತಂತಿಯನ್ನು ಕೊಳ್ಳಬೇಡಿ. ಅವರು ಹೇಳುವ 42 ಅಮೆರಿಕನ್ ಅಳತೆ. ಅದು ತಲೆಕೂದಲಿನಷ್ಟು ತೆಳುವಾದ, 0.063 ಮಿಲಿಮೀಟರಿನ ತಂತಿ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಎಸ್‌ಡಬ್ಲ್ಯೂಜಿ ಎಂಬ ಬ್ರಿಟಿಷ್ ಅಳತೆ, ಅದರಲ್ಲಿ 42 ಎಂದರೆ 0.1 ಮಿಲಿಮೀಟರ್. ವ್ಯತ್ಯಾಸ ಚಿಕ್ಕದೆನಿಸಿದರೂ ಅಡ್ಡಕೊಯ್ತದ ವಿಸ್ತೀರ್ಣ ಎರಡೂವರೆ ಪಟ್ಟು ಹೆಚ್ಚಾಗುವುದರಿಂದ, ಎಂಟು ಸಾವಿರ ಸುತ್ತು ಹಿಡಿಯುವ ಜಾಗದಲ್ಲಿ ಮೂರು ಸಾವಿರದಷ್ಟೇ ಹಿಡಿಯುತ್ತವೆ, ಧ್ವನಿ ತೀರಾ ಕ್ಷೀಣಿಸುತ್ತದೆ. ನಿಮಗೆ ಹತ್ತಿರವಾದುದು ಎಸ್‌ಡಬ್ಲ್ಯೂಜಿ 46. ನಂಬರನ್ನು ಬಿಟ್ಟು ಮಿಲಿಮೀಟರಿನಲ್ಲೇ ಕೇಳುವುದು ಕ್ಷೇಮ. ತೋಟದ ಪಂಪು, ಫ್ಯಾನುಗಳ ಕೆಲಸ ಮಾಡುವ ನಮ್ಮಂಥವರ ಬಳಿ ಇಷ್ಟು ತೆಳುವಾದದ್ದು ಸಾಮಾನ್ಯವಾಗಿ ಇರುವುದಿಲ್ಲ, ತರಿಸಿಕೊಡಲು ಹೇಳಬೇಕಾಗುತ್ತದೆ.

ಈ ಬಗೆಯ ಪಿಕಪ್‌ಗೆ 7,600ರಿಂದ 8,000 ಸುತ್ತು ರೂಢಿ. ಒಂದು ಸುತ್ತಿಗೆ ಸರಾಸರಿ 14 ಸೆಂಟಿಮೀಟರ್ ಹಿಡಿದರೆ ಒಂದು ಕಿಲೊಮೀಟರಿಗಿಂತ ತುಸು ಹೆಚ್ಚು ತಂತಿ ಬೇಕು, ಆದರೆ ಅಷ್ಟರ ತೂಕ ಬರಿಯ 30 ಗ್ರಾಂ ಆಸುಪಾಸು. ನೂರು ಗ್ರಾಂ ತಂದರೆ ತಂತಿ ಹರಿದರೂ ಮತ್ತೆ ಸುತ್ತಲು ಉಳಿಯುತ್ತದೆ.

ಸುತ್ತಲು ಹೊಲಿಗೆ ಯಂತ್ರದ ಮೋಟಾರು ಸಾಕು, ಅದರ ಪೆಡಲಿನಿಂದ ವೇಗ ಹಿಡಿತದಲ್ಲಿರುತ್ತದೆ. ಎಣಿಕೆಗೆ ತಿರುಗುವ ದಂಡಕ್ಕೆ ಪುಟ್ಟ ಅಯಸ್ಕಾಂತ ಅಂಟಿಸಿ, ಎದುರಿಗೆ ಒಂದು ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದಾಗ ತಾನೇ ಆನ್ ಆಗುವ ಪುಟ್ಟ ಸ್ವಿಚ್) ಇಟ್ಟು, ಅದರ ಎರಡು ತಂತಿಗಳನ್ನು ಕ್ಯಾಲ್ಕುಲೇಟರಿನ ಸಮ ಚಿಹ್ನೆಯ ಗುಂಡಿಗೆ ಬೆಸೆಯಿರಿ. ಒಂದು ಕೂಡಿಸು ಒಂದು ಎಂದು ಒತ್ತಿಟ್ಟರೆ ಪ್ರತಿ ಸುತ್ತಿಗೂ ಒಂದೊಂದು ಏರುತ್ತದೆ. ತಂತಿಯ ಉರುಳೆಯನ್ನು ತಿರುಗಲು ಬಿಡದೆ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ; ತಂತಿ ಮೇಲ್ತುದಿಯಿಂದ ಜಾರಿಬಂದು, ಮೆತ್ತನೆಯ ಬಟ್ಟೆ ಹಿಡಿದ ನಿಮ್ಮ ಬೆರಳುಗಳ ನಡುವೆ ಹಾದುಹೋಗಲಿ. ಉರುಳೆ ತಿರುಗಿದರೆ ಅದರ ಜಗ್ಗಾಟಕ್ಕೇ ಇಂಥ ತಂತಿ ತುಂಡಾಗುತ್ತದೆ.

ಅಘನಾಶಿನಿ (ಕುಮಟಾ):

ತಂತಿಯ ವಿಷಯದಲ್ಲಿ ಶಿರಸಿಯವರ ಮಾತೇ ಸರಿ. ಕರಾವಳಿಯವಳಾಗಿ ನಾನು ತುಕ್ಕಿನ ಬಗ್ಗೆ ಹೇಳುತ್ತೇನೆ. ಅಲ್ನಿಕೊ ಅಯಸ್ಕಾಂತದಲ್ಲಿ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್‌ಗಳ ಜೊತೆಗೆ ಕಬ್ಬಿಣವೂ ಧಾರಾಳವಾಗಿರುವುದರಿಂದ ಉಪ್ಪುಗಾಳಿಯಲ್ಲಿ ತುಕ್ಕು ಬಂದೇ ಬರುತ್ತದೆ. ನಿಮ್ಮ ಪಿಕಪ್‌ನಲ್ಲಿ ತಂತಿಯ ಮೊದಲ ಪದರ ನೇರವಾಗಿ ಅದಕ್ಕೇ ತಾಗಿರುವುದರಿಂದ, ಉಬ್ಬಿದ ತುಕ್ಕು ಎನಾಮಲ್ ಲೇಪವನ್ನು ಕೆರೆದು ತಾಮ್ರವನ್ನು ತಿನ್ನುತ್ತದೆ. ಹಳೆಯ ತಂತಿಯನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ, ಅಯಸ್ಕಾಂತಗಳನ್ನು ಮಾತ್ರ ಹೊರದಬ್ಬಬೇಡಿ, ಅವನ್ನು ಹಿಡಿದಿಟ್ಟಿರುವ ಫೈಬರ್ ತಟ್ಟೆ ಸಡಿಲವಾಗುತ್ತದೆ. ತುಕ್ಕನ್ನು ಸಣ್ಣ ಮರಳುಕಾಗದದಿಂದ ಉಜ್ಜಿ, ಲ್ಯಾಕರ್ ಹಚ್ಚಿ, ಚೆನ್ನಾಗಿ ಒಣಗಿದ ಮೇಲೆ ತೆಳುವಾದ ಪಾಲಿಯೆಸ್ಟರ್ ಟೇಪಿನ ಒಂದೇ ಸುತ್ತು ಕೊಡಿ. ಆಷಾಢದ ಥಂಡಿಯಲ್ಲಿ ಲ್ಯಾಕರ್ ಬೆಳ್ಳಗಾಗಿ ಕೆಡುವುದರಿಂದ ಮಳೆ ಬಿಡುವು ಕೊಟ್ಟ ದಿನವೇ ಈ ಕೆಲಸವಾಗಲಿ. ಬೆವರಿನ ಕೈಯಲ್ಲಿ ತಂತಿ ಮುಟ್ಟಬೇಡಿ, ಅದೂ ಉಪ್ಪೇ.

ಸುತ್ತಿದ ಮೇಲೆ ಮೇಣದಲ್ಲಿ ಅದ್ದುವುದನ್ನು ಖಂಡಿತ ಬಿಡಬೇಡಿ. ನಾಲ್ಕು ಪಾಲು ಪ್ಯಾರಾಫಿನ್‌ಗೆ ಒಂದು ಪಾಲು ಜೇನುಮೇಣ ಸೇರಿಸಬೇಕು. ತುಡುವೆ ಜೇನು ಸಾಕುವ ಶಿರಸಿ ಕಡೆಯವರಲ್ಲಿ ಒಳ್ಳೆಯ ಮೇಣ ಸಿಗುತ್ತದೆ. ಪಾತ್ರೆಯನ್ನು ನೇರ ಬೆಂಕಿಯ ಮೇಲಿಡದೆ ಬಿಸಿನೀರಿನೊಳಗೆ ಇರಿಸಿ, ಸುಮಾರು 65 ಡಿಗ್ರಿಯಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಮುಳುಗಿಸಿಡಿ. ಸುರುಳಿ ಅಲುಗಿ ಕಿರುಚುವುದೂ ನಿಲ್ಲುತ್ತದೆ, ತೇವವೂ ಸುಲಭವಾಗಿ ಒಳಹೋಗುವುದಿಲ್ಲ.

ಇನ್ನೊಂದು ವಿಷಯ: ತಾಮ್ರದ ರೋಧ ಒಂದು ಡಿಗ್ರಿಗೆ ಶೇಕಡಾ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 6 ಕಿಲೊಓಮ್ ಇರುವುದು ನಮ್ಮ ಮೇ ತಿಂಗಳ 33 ಡಿಗ್ರಿಯಲ್ಲಿ 6.3 ತೋರಿಸುತ್ತದೆ. ಆದ್ದರಿಂದ ಬೇರೆಯವರ ಅಂಕಿಗೆ ಹೋಲಿಸದೆ, ಅದೇ ಕೋಣೆಯಲ್ಲಿ ನಿಮ್ಮ ಉಳಿದ ಪಿಕಪ್‌ಗಳನ್ನೇ ಅಳೆದು ಹೋಲಿಸಿ.

ಕಾಳಿತೀರ (ಕಾರವಾರ):

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಯಾವ ದಿಕ್ಕಿಗೆ ಸುತ್ತಬೇಕು ಎಂಬುದನ್ನೂ ತಿಳಿಸುವಿರಾ?

ತಂತಿಸುರುಳಿ (ಶಿರಸಿ):

ಹಳೆಯ ತಂತಿ ಬಿಚ್ಚುವ ಮೊದಲೇ ಅದರ ದಿಕ್ಕನ್ನೂ, ಯಾವ ತುದಿ ಯಾವ ಬೆಸುಗೆಗೆ ಹೋಗಿದೆ ಎಂಬುದನ್ನೂ ಬರೆದಿಟ್ಟು ಹಾಗೆಯೇ ಸುತ್ತಿ. ಎರಡು ಪಿಕಪ್ ಒಟ್ಟಿಗೆ ಹಾಕಿದಾಗ ಧ್ವನಿ ತೆಳುವಾಗಿ ಟೊಳ್ಳಾಗಿ ಕೇಳಿದರೆ ಅವು ಒಂದನ್ನೊಂದು ಕಳೆಯುತ್ತಿವೆ ಎಂದರ್ಥ; ಹೊಸದರ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ.