ಕಾಲು ಹುಳಿಯಾಗಿದೆ ಅಂದ ಅಜ್ಜಿ

ಮಗನನ್ನು ಎಂಬಿಬಿಎಸ್‌ಗೆ ಚೀನಾಕ್ಕೆ ಕಳಿಸಬಹುದಾ ಅಂತ ಮಸ್ಕತ್‌ನ ಅಕ್ಕ ಕೇಳಿದ್ದಾರೆ. ನಾನು 2009ರ ಸೆಪ್ಟೆಂಬರ್‌ನಲ್ಲಿ ಅದೇ ಓದಿಗೆ ಚೀನಾದ ನಾನ್‌ಜಿಂಗ್‌ಗೆ ಹೋದವಳು. ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಫೀಸು, ಹಾಸ್ಟೆಲ್ ವಿಚಾರ ಏಜೆಂಟರೇ ಹೇಳುತ್ತಾರೆ ಅಕ್ಕ. ಅವರು ಹೇಳದ ಒಂದು ಮಾತು ಹೇಳುತ್ತೇನೆ.

"ಪಾಠ ಎಲ್ಲ ಇಂಗ್ಲಿಷಿನಲ್ಲೇ, ಚೀನೀ ಭಾಷೆ ಬೇಕಾಗಲ್ಲ" ಅಂತ ನಮ್ಮ ಏಜೆಂಟ್ ಅಪ್ಪನಿಗೆ ಹೇಳಿದ್ದರು. ಪಾಠ ಇಂಗ್ಲಿಷಿನಲ್ಲೇ ಇತ್ತು, ನಿಜ. ಆದರೆ ಆಸ್ಪತ್ರೆಯಲ್ಲಿ ಮಲಗಿದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಮೊದಲ ವರ್ಷ ಅದು ಗೊತ್ತೇ ಆಗಲಿಲ್ಲ. ಹಾಸ್ಟೆಲ್ ತುಂಬ ನಮ್ಮವರೇ. ಫೇಸ್‌ಬುಕ್ ಆ ಜುಲೈನಲ್ಲೇ ಅಲ್ಲಿ ಬಂದ್ ಆಗಿತ್ತು, ಭಾನುವಾರ ಸ್ಕೈಪ್‌ನಲ್ಲಿ ಅಮ್ಮನ ಮುಖ. ಚಳಿ ಮಾತ್ರ ಮರೆಯಲಾಗದು. ಹುವಾಯ್ ನದಿಯಿಂದ ಉತ್ತರದ ಊರುಗಳಲ್ಲಿ ಮನೆ ಮನೆಗೆ ಬಿಸಿ ಮಾಡುವ ಕೊಳವೆ ಇರುತ್ತದೆ. ನಾನ್‌ಜಿಂಗ್ ಆ ನದಿಯ ದಕ್ಷಿಣಕ್ಕೆ, ನಮಗೆ ಆ ಕೊಳವೆ ಇರಲಿಲ್ಲ. ಕೋಟು ಹಾಕಿಕೊಂಡೇ ಕ್ಲಾಸಿನಲ್ಲಿ ಕೂರುತ್ತಿದ್ದೆವು. ರಾತ್ರಿ ಫ್ಲಾಸ್ಕ್ ಹಿಡಿದು ಬಿಸಿನೀರಿಗೆ ಸಾಲು. ಊಟಕ್ಕೆ "ಬು ಯಾವ್ ರೋ", ಮಾಂಸ ಬೇಡ ಅಂತ ಹೇಳಲು ಕಲಿತಿದ್ದೆ. ಆದರೂ ತಟ್ಟೆಯಲ್ಲಿ ಕೋಳಿ ಚೂರು ಬರುತ್ತಿತ್ತು. ಅಲ್ಲಿ ಸುಮ್ನೆ 'ರೋ' ಅಂದರೆ ಹಂದಿ ಮಾಂಸ ಅಂತಲೇ ಜಾಸ್ತಿ ಜನ ತಿಳಿಯುತ್ತಾರೆ. 'ಸು', ಅಂದರೆ ಸಸ್ಯಾಹಾರ ಅಂತ ಕೇಳಬೇಕು ಅಂತ ಆಮೇಲೆ ಗೊತ್ತಾಯಿತು.

ನಾಲ್ಕನೇ ವರ್ಷ ವಾರ್ಡಿಗೆ ಹೋದೆವು. ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ನನ್ನ ಕೈ ಹಿಡಿದು "ಸುವಾನ್, ಸುವಾನ್" ಅಂದರು. ಕ್ಯಾಂಟೀನಿನಲ್ಲಿ ಕಲಿತ ಪದ ಅದು. ಸುವಾನ್ ಅಂದರೆ ಹುಳಿ. ಹುಳಿತೇಗು ಅಂದುಕೊಂಡೆ. ಏನು ತಿಂದಿರಿ, ಎದೆ ಉರಿಯುತ್ತಾ ಅಂತ ತಡವರಿಸಿ ಕೇಳುತ್ತಲೇ ಹೋದೆ. ಅಜ್ಜಿ ತೊಡೆ ಉಜ್ಜಿಕೊಳ್ಳುತ್ತಾ ಅದೇ ಪದ ಹೇಳುತ್ತಿದ್ದರು. ಕೊನೆಗೆ ಮುಖ ಆ ಕಡೆ ತಿರುಗಿಸಿ ಮಲಗಿಬಿಟ್ಟರು. ಇವತ್ತಿಗೂ ಆ ಬೆನ್ನು ನನಗೆ ನೆನಪಿದೆ.

ನಮ್ಮ ಪಾಠದ ಮೇಡಂ ಆಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಸುವಾನ್ ಅಂದರೆ ಹುಳಿಯೂ ಹೌದು, ಮೈಕೈ ಸೋತು ಒಳಗೊಳಗೇ ನೋಯುವುದೂ ಹೌದು. ಜೋಮು ಹಿಡಿದರೆ 'ಮಾ'. ಹೊಟ್ಟೆ ಉಬ್ಬರಿಸಿದರೆ 'ಝಾಂಗ್'. ಬರೀ ನೋವಾದರೆ 'ಥಂಗ್'. ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಪಕ್ಕದಲ್ಲಿ ಕನ್ನಡ ಬರೆಯಲು ಹೋದರೆ ನಮ್ಮಜ್ಜಿಯ ಮಾತೆಲ್ಲ ಸಾಲಾಗಿ ಬಂತು. ಸೆಳೆತ, ಚಳುಕು, ಉಳುಕು, ಕಡಿತ, ಉರಿ. ಇಂಗ್ಲಿಷಿಗಿಂತ ಕನ್ನಡವೇ ಅದಕ್ಕೆ ಚೆನ್ನಾಗಿ ಹೊಂದಿತು.

ಆಮೇಲೆ ದಿನಾ ಸಂಜೆ ಗೇಟಿನ ಹೊರಗೆ ಹಣ್ಣು ಮಾರುವ ಆಂಟಿಯ ಹತ್ತಿರ ಅರ್ಧ ಗಂಟೆ ಕೂತೆ. ಪುಸ್ತಕದ ಚೀನೀ ಅಲ್ಲಿ ಸಾಲುತ್ತಿರಲಿಲ್ಲ. ಆ ಊರಿನ ಹಿರಿಯರ ಬಾಯಲ್ಲಿ 'ನ' ಮತ್ತು 'ಲ' ಒಂದೇ. ಊರಿನ ಹೆಸರೇ 'ಲಾನ್‌ಜಿಂಗ್' ಅಂತ ಕೇಳಿಸುತ್ತದೆ. ಇಂಟರ್ನ್‌ಶಿಪ್ ಹೊತ್ತಿಗೆ ಅವರ ಮಾತು ನನಗೆ ತಿಳಿಯುತ್ತಿತ್ತು. ಭಾಷೆ ಕಲಿಯದ ಗೆಳೆಯರು ವಾರ್ಡಿನಲ್ಲಿ ಹಿಂದೆ ನಿಂತು ಆರು ವರ್ಷ ಮುಗಿಸಿದರು. ಅವರೆಲ್ಲ ಜಾಣರೇ. ಅದು ನನಗೆ ಈಗಲೂ ಸಂಕಟ.

ಈಗಿನ ನಿಯಮ ಬೇರೆ ಇವೆ. 2021ರಿಂದ ನಮ್ಮ ದೇಶದ ವೈದ್ಯಕೀಯ ಆಯೋಗ ಕನಿಷ್ಠ 54 ತಿಂಗಳ ಓದು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಕೇಳುತ್ತದೆ. ವಾಪಸ್ ಬಂದು ಬರೆಯುವ ಪರೀಕ್ಷೆಯಲ್ಲಿ 300ಕ್ಕೆ 150 ಬೇಕು. ಸೇರುವ ಮೊದಲು ಕಾಲೇಜಿನವರನ್ನು ನೇರವಾಗಿ ಕೇಳಿ: ವಾರಕ್ಕೆ ಎಷ್ಟು ಗಂಟೆ ಚೀನೀ ಕಲಿಸುತ್ತೀರಿ, ರೋಗಿಗಳ ಜೊತೆ ಮಾತಾಡಲು ಬಿಡುತ್ತೀರಾ? ಉತ್ತರ ಜಾರಿಸಿದರೆ ಬೇಡ ಅಕ್ಕ.

ಈಗ ನಾನು ಇಂಗ್ಲೆಂಡಿನಲ್ಲಿದ್ದೇನೆ. ಹೋದ ಬೇಸಿಗೆಯಲ್ಲಿ ಮಗಳು ಬಿದ್ದು "ಅಜ್ಜಿ, ಪೇಯ್ನ್" ಅಂದಳು. "ಉರಿಯುತ್ತಾ ಕಂದ, ಸೆಳೆಯುತ್ತಾ?" ಅಂತ ಅಮ್ಮ ಫೋನಿನಲ್ಲಿ ಕೇಳಿದರು. ಮಗು ಸುಮ್ಮನೆ ನನ್ನ ಮುಖ ನೋಡಿತು. ನನಗೆ ಆ ವಾರ್ಡಿನ ಬೆನ್ನು ನೆನಪಾಯಿತು. ಅವತ್ತು ರಾತ್ರಿ ಹಳೇ ನೋಟ್‌ಬುಕ್ ಹುಡುಕಿ ತೆಗೆದೆ. ಕನ್ನಡದ ಸಾಲು ಮಗಳಿಗೆ ಓದುತ್ತಿದ್ದೇನೆ. ಚೀನೀ ಸಾಲು ನಿಮ್ಮ ಮಗನಿಗೆ ಬೇಕಾದರೆ ಹೇಳಿ, ಫೋಟೋ ತೆಗೆದು ಕಳಿಸುತ್ತೇನೆ.