ತಂತ್ರಾಂಶ ವಿನ್ಯಾಸ ಕಲಿಸಲು ಬೋಧಕ ತಂತ್ರಾಂಶ: ಬಳಸಿದವರ ಅನುಭವ

ಕೇಳಿಕೆ: ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ತಂತ್ರಾಂಶ ವಿನ್ಯಾಸ ಕಲಿಸುತ್ತಿದ್ದೇನೆ. ಅರುವತ್ತು ಮಂದಿಯ ಕ್ಲಾಸ್ ಡಯಾಗ್ರಾಂಗಳನ್ನು (ತಂತ್ರಾಂಶದ ಘಟಕಗಳಾದ ಕ್ಲಾಸ್‌ಗಳನ್ನೂ ಅವುಗಳ ನಡುವಿನ ಸಂಬಂಧಗಳನ್ನೂ ತೋರಿಸುವ ಚಿತ್ರಗಳನ್ನು) ಒಬ್ಬಳೇ ತಿದ್ದಿ ಮುಗಿಸುವ ಹೊತ್ತಿಗೆ, ಹಾಗೆ ಬಿಡಿಸಿದ್ದು ಏಕೆಂಬುದನ್ನೇ ವಿದ್ಯಾರ್ಥಿಗಳು ಮರೆತಿರುತ್ತಾರೆ. ತಪ್ಪನ್ನು ಆಗಿಂದಾಗಲೇ ತೋರಿಸುವ ಬೋಧಕ ತಂತ್ರಾಂಶ ಬಳಸಿದವರಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1: ಮೇಡಂ, ನಮ್ಮ ವಿಭಾಗದಲ್ಲಿ ಇಂಥ ಚಿಕ್ಕದೊಂದು ತಂತ್ರಾಂಶವನ್ನು ನಾವೇ ಕಟ್ಟಿ ಎರಡು ವರ್ಷ ಬಳಸಿದ್ದೇವೆ. 1980ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜಾನ್ ಆಂಡರ್ಸನ್ ಅವರ ತಂಡ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸಲು ರೂಪಿಸಿದ ಲಿಸ್ಪ್ ಟ್ಯೂಟರ್, ವಿದ್ಯಾರ್ಥಿಯ ಹೆಜ್ಜೆಹೆಜ್ಜೆಯನ್ನೂ ಹಿಂಬಾಲಿಸಿ ದಾರಿ ತಪ್ಪಿದ ಕೂಡಲೇ ತಡೆಯುತ್ತಿತ್ತು. ಪ್ರೋಗ್ರಾಂ ಬರೆಯುವುದಕ್ಕೆ ಒಗ್ಗುವ ಈ ಕ್ರಮ ವಿನ್ಯಾಸಕ್ಕೆ ಒಗ್ಗದು; ಒಬ್ಬರು ಕ್ಲಾಸ್‌ಗಳಿಂದ, ಮತ್ತೊಬ್ಬರು ಸಂಬಂಧಗಳಿಂದ ಆರಂಭಿಸಿ ಇಬ್ಬರೂ ಸರಿಯಾದಲ್ಲಿಗೇ ತಲುಪಬಹುದು. ಆದ್ದರಿಂದ ನಾವು ನ್ಯೂಜಿಲೆಂಡ್‌ನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದಲ್ಲಿ ಆಂತೋನಿಯ ಮಿತ್ರೋವಿಚ್ ಅವರ ತಂಡ ಕ್ಲಾಸ್ ಡಯಾಗ್ರಾಂ ಕಲಿಸುವ ಕಲೆಕ್ಟ್-ಯುಎಂಎಲ್ ಮುಂತಾದ ಬೋಧಕ ತಂತ್ರಾಂಶಗಳಲ್ಲಿ ತುಳಿದ ಹಾದಿಯನ್ನು ಅನುಸರಿಸಿದೆವು. ಅಲ್ಲಿ ಹೆಜ್ಜೆಗಳನ್ನು ನೋಡುವುದಿಲ್ಲ, ನಿಬಂಧನೆಗಳನ್ನು ನೋಡುತ್ತಾರೆ: ಒಂದು ಕ್ಲಾಸ್ ಮತ್ತೊಂದರಿಂದ ಇನ್ಹೆರಿಟ್ ಆಗಿದ್ದರೆ (ಅದರ ಗುಣಗಳನ್ನು ಪಡೆದಿದ್ದರೆ), ಆ ಸರಪಳಿ ಸುತ್ತಿ ಬಂದು ಮೊದಲಿನ ಕ್ಲಾಸನ್ನೇ ಮುಟ್ಟಬಾರದು ಎಂಬಂತೆ.

ದೊಡ್ಡ ತೊಡಕು ಹೆಸರಿನದು. ಗ್ರಂಥಾಲಯದ ವಿನ್ಯಾಸ ಕೇಳುವ ಪ್ರಶ್ನೆಗೆ ನಮ್ಮ ಮಾದರಿ ಉತ್ತರದಲ್ಲಿ ‘ಸದಸ್ಯ’ ಎಂದಿರುವಲ್ಲಿ ವಿದ್ಯಾರ್ಥಿ ‘ಓದುಗ’ ಎಂದು ಬರೆದರೆ ಯಂತ್ರಕ್ಕೆ ತಿಳಿಯದು. ಕ್ಯಾಂಟರ್‌ಬರಿಯವರಂತೆ ನಾವೂ ಹೆಸರನ್ನು ಪ್ರಶ್ನೆಯ ಪಠ್ಯದಿಂದಲೇ ಆರಿಸಬೇಕೆಂದು ಕಡ್ಡಾಯ ಮಾಡಿದೆವು. ಪಠ್ಯವನ್ನು ಗಮನವಿಟ್ಟು ಓದುವ ಅಭ್ಯಾಸ ಬೆಳೆದು, ‘ಪುಸ್ತಕ’ ಬೇರೆ, ಅದರ ‘ಪ್ರತಿ’ ಬೇರೆ ಎಂಬುದನ್ನು ನಾನು ಹೇಳದೆಯೇ ಹಲವರು ಕಂಡುಕೊಂಡರು. ಆದರೆ ಒಬ್ಬ ಹುಡುಗಿ ‘ಎರವಲು’ ಎಂಬ ಪ್ರತ್ಯೇಕ ಕ್ಲಾಸ್ ಮಾಡಬೇಕೆಂದಿದ್ದಳು. ಪಠ್ಯದಲ್ಲಿದ್ದುದು ‘ತೆಗೆದುಕೊಂಡು ಹೋಗುತ್ತಾರೆ’ ಎಂಬ ಕ್ರಿಯಾಪದ ಮಾತ್ರ, ನಮ್ಮ ಉತ್ತರದಲ್ಲಿದ್ದುದು ಸದಸ್ಯನನ್ನೂ ಪ್ರತಿಯನ್ನೂ ಜೋಡಿಸುವ ಬರಿಯ ಗೆರೆ. ತಂತ್ರಾಂಶ ಅವಳದನ್ನು ತಪ್ಪೆಂದಿತು. ಹಿಂತಿರುಗಿಸಬೇಕಾದ ದಿನಾಂಕ ಸದಸ್ಯನಿಗೂ ಸೇರದು, ಪ್ರತಿಗೂ ಸೇರದು ಎಂಬ ಅವಳ ವಾದವೇ ನಮ್ಮ ಉತ್ತರಕ್ಕಿಂತ ಗಟ್ಟಿಯಾಗಿತ್ತು. ಎರಡು ವಾರಗಳ ನಂತರವಷ್ಟೇ ಇದು ನನ್ನ ಗಮನಕ್ಕೆ ಬಂದದ್ದು ಇಂದಿಗೂ ನೋಯಿಸುತ್ತದೆ. ಅಂದಿನಿಂದ ಪ್ರತಿ ಪ್ರಶ್ನೆಗೂ ಪರ್ಯಾಯ ಉತ್ತರಗಳನ್ನು ಸೇರಿಸುತ್ತೇವೆ, ‘ನನ್ನ ಕಾರಣ’ ಎಂಬ ಅಂಕಣವನ್ನು ಇಟ್ಟು ವಾರಕ್ಕೊಮ್ಮೆ ನಾವೇ ಓದುತ್ತೇವೆ.

ಉತ್ತರ 2: ಸರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. ಇಂಥ ತಂತ್ರಾಂಶಗಳು ಮೊದಲು ಸರಿ-ತಪ್ಪು, ಆಮೇಲೆ ತಪ್ಪಿನ ಜಾಗ, ಬಳಿಕ ಸುಳಿವು, ಕೊನೆಗೆ ಪೂರ್ಣ ಉತ್ತರ ಹೀಗೆ ಹಂತಹಂತವಾಗಿ ನೆರವಾಗುತ್ತವೆ. ನಮ್ಮಲ್ಲಿ ಅನೇಕರು ಚಿತ್ರವನ್ನು ಮುಟ್ಟದೆ ಗುಂಡಿ ಒತ್ತುತ್ತಾ ನೇರವಾಗಿ ಉತ್ತರಕ್ಕೇ ಹೋದರು. ಮೂರು ಬಾರಿ ತಿದ್ದಿ ಒಪ್ಪಿಸಿದವರಿಗಷ್ಟೇ ಪೂರ್ಣ ಉತ್ತರ ತೆರೆಯುವಂತೆ ಬದಲಿಸಿದ ಮೇಲೆ ಪ್ರಯೋಗಾಲಯದಲ್ಲಿ ಚರ್ಚೆ ಶುರುವಾಯಿತು.

ಉತ್ತರ 3: ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ಹೊಸಬರಿಗೆ ತರಬೇತಿ ಕೊಡುತ್ತೇನೆ. ನಿಯಮಕ್ಕೆ ಒಪ್ಪುವ ಚಿತ್ರ ಬದಲಾವಣೆಯನ್ನೂ ತಾಳುತ್ತದೆಂದು ತಂತ್ರಾಂಶ ಹೇಳಲಾರದು. ಅದು ಸರಿಯೆಂದ ಚಿತ್ರವನ್ನೇ ತರಗತಿಯ ಮುಂದಿಟ್ಟು, ‘ನಾಳೆಯಿಂದ ಗ್ರಂಥಾಲಯ ಡಿವಿಡಿಗಳನ್ನೂ ಎರವಲು ಕೊಡುತ್ತದೆ, ಎಷ್ಟು ಕ್ಲಾಸ್‌ಗಳನ್ನು ಮುಟ್ಟಬೇಕು?’ ಎಂದು ಕೇಳಿ ನೋಡಿ, ಮೇಡಂ. ತಿದ್ದುವುದರಿಂದ ಉಳಿದ ಸಮಯವನ್ನು ಈ ಪ್ರಶ್ನೆಗೆ ಕೊಡಿ.