ಡೈ ಒಳಗೆ ಕಚ್ಚಿಕೊಂಡ ಹಿತ್ತಾಳೆ ಕೇಸ್: ಎಣ್ಣೆ ಎಷ್ಟು ಹಚ್ಚಬೇಕು?

ಪ್ರಶ್ನೆ:
.308 ವಿಂಚೆಸ್ಟರ್ ರೈಫಲ್ ತೋಟಾದ ಖಾಲಿ ಹಿತ್ತಾಳೆ ಕೇಸ್‌ಗಳನ್ನು ಮತ್ತೆ ತುಂಬಲು ಡೈಯೊಳಗೆ (ಅಳತೆಗೆ ತರುವ ಉಕ್ಕಿನ ಅಚ್ಚು) ಒತ್ತಿ ಮರುರೂಪಿಸುತ್ತಿದ್ದೆ. ಮೊದಲ ದಿನ ಧಾರಾಳವಾಗಿ ಎಣ್ಣೆ ಹಚ್ಚಿದ್ದರಿಂದ ಭುಜದ (ಕತ್ತಿನ ಕೆಳಗಿನ ಇಳಿಜಾರು) ಮೇಲೆ ತಗ್ಗುಗಳು ಬಿದ್ದವು. ಮರುದಿನ ಕೈ ಬಿಗಿಹಿಡಿದೆ; ಹನ್ನೊಂದನೆಯ ಕೇಸ್ ಡೈಯಲ್ಲೇ ಕಚ್ಚಿಕೊಂಡಿತು. ಬಲವಾಗಿ ಎಳೆದಾಗ ರಿಮ್ (ಬುಡದ ಅಂಚು) ಹರಿದುಹೋಯಿತು. ಎರಡರ ನಡುವಿನ ಹದ ಯಾವುದು?

ಉತ್ತರ 1:
ಹದ ಇರುವುದು ಪ್ರಮಾಣಕ್ಕಿಂತ ಜಾಗದಲ್ಲಿ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ. ಭುಜದ ಮೇಲೆ ನಿಂತ ಎಣ್ಣೆಗೆ ಹೋಗಲು ದಾರಿಯಿಲ್ಲದೆ ಹಿತ್ತಾಳೆಯೇ ಒಳಕ್ಕೆ ಕುಸಿಯುತ್ತದೆ. ಬುಡದ ಕಡೆಗೆ ತೆಳುವಾದ ಪೂರ್ಣ ಲೇಪ ಬೇಕು, ಭುಜಕ್ಕೆ ಬಹುತೇಕ ಬೇಡ. ಕತ್ತಿನ ಒಳಭಾಗವನ್ನು ಮರೆಯಬೇಡಿ. ಒಣ ಕತ್ತಿನಲ್ಲಿ ಎಕ್ಸ್‌ಪಾಂಡರ್ (ಕತ್ತನ್ನು ಒಳಗಿನಿಂದ ಹಿಗ್ಗಿಸುವ ಡೈಯ ಉಂಡೆ) ಕಿರುಚುತ್ತದೆ, ಕತ್ತು ಉದ್ದವಾಗುತ್ತದೆ. ನಾನು ಬಳಸುವುದು ಒಂದು ಪಾಲು ದ್ರವ ಲ್ಯಾನೊಲಿನ್ (ಕುರಿ ಉಣ್ಣೆಯ ಜಿಡ್ಡು), ಹನ್ನೆರಡು ಪಾಲು 99% ಐಸೊಪ್ರೊಪೈಲ್ ಆಲ್ಕೊಹಾಲ್. ಸಿಂಪಡಿಸಿ, ಆಲ್ಕೊಹಾಲ್ ಪೂರ್ತಿ ಆರುವವರೆಗೆ ಕಾಯಿರಿ. ಅವಸರಪಟ್ಟೇ ನಾನು ಎರಡು ಕೇಸ್ ಸಿಕ್ಕಿಸಿಕೊಂಡಿದ್ದೇನೆ.

ಉತ್ತರ 2:
ಮರುರೂಪಿಸಿದ ಬಳಿಕ ಎಣ್ಣೆ ಒರೆಸಲೇಬೇಕು, ಇದನ್ನು ಒತ್ತಿ ಹೇಳುತ್ತೇನೆ. ಎಣ್ಣೆಯಿದ್ದರೆ ಗುಂಡು ಹಾರಿಸಿದಾಗ ಕೇಸ್ ಚೇಂಬರಿನ (ಬಂದೂಕಿನಲ್ಲಿ ತೋಟಾ ಕೂರುವ ಜಾಗ) ಗೋಡೆಯನ್ನು ಹಿಡಿದುಕೊಳ್ಳದೆ ಬಂದೂಕಿನ ಬೋಲ್ಟ್ (ಹಿಂಬದಿಯನ್ನು ಮುಚ್ಚುವ ಭಾಗ) ಮೇಲೆ ಹೆಚ್ಚು ಒತ್ತಡ ಹಾಕುತ್ತದೆ. ಒಳಗೆ ಉಳಿದ ಎಣ್ಣೆ ಮದ್ದನ್ನೂ ಕೆಡಿಸುತ್ತದೆ. ನೇರ ಗೋಡೆಯ ಪಿಸ್ತೂಲಿನ ಕೇಸ್‌ಗಳಿಗೆ ಕಾರ್ಬೈಡ್ (ತುಂಬ ಗಟ್ಟಿಯಾದ ವಸ್ತು) ಡೈ ಇದ್ದರೆ ಎಣ್ಣೆಯೇ ಬೇಕಿಲ್ಲ.

ಪ್ರಶ್ನೆ ಕೇಳಿದವರು:
ಕಚ್ಚಿಕೊಂಡ ಕೇಸ್‌ನ ಪ್ರೈಮರ್ ಗುಳಿಯನ್ನು (ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಕೂರುವ ಜಾಗ) ಕೊರೆದು, ಒಳಗೆ ಸ್ಕ್ರೂ ಎಳೆ ಹಾಕಿ, ಅದಕ್ಕೆ ಬೋಲ್ಟ್ ತಿರುಗಿಸಿ ಕೇಸ್ ಹೊರಗೆಳೆದೆ. ಡೈಗೆ ಗೀರು ಬಿದ್ದಿಲ್ಲ. ಲ್ಯಾನೊಲಿನ್ ಮಿಶ್ರಣದಿಂದ ಇಂದು ಐವತ್ತು ಕೇಸ್‌ಗಳು ಸಲೀಸಾಗಿ ಮುಗಿದವು.